ಸ್ಟ್ಯಾಂಪ್ ಒತ್ತಿ, ಜಲವರ್ಣ ತುಂಬಿ ಸಂಕ್ರಾಂತಿ ಕಾರ್ಡ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂದರೆ ಸಾಕು, ಈ ಸಲ ಸಂಕ್ರಾಂತಿಗೆ ಕೈಯಾರೆ ಕಾರ್ಡ್ ಮಾಡಬೇಕು ಅನ್ನುವವರ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರಿಗೆ ಎಳ್ಳು ಬೆಲ್ಲದ ಜೊತೆ ಮನೆಮನೆಗೆ ಹಂಚಲು ಬೇಕು. ಇನ್ನು ಕೆಲವರಿಗೆ ದೂರದ ಊರಿನಲ್ಲಿರುವ ಮಕ್ಕಳಿಗೆ, ಅಜ್ಜಿಗೆ, ಹಳೆಯ ಗೆಳತಿಗೆ ಅಂಚೆಯಲ್ಲಿ ಕಳಿಸಲು ಬೇಕು. ಇಲ್ಲಿರುವ ಉತ್ತರಗಳೆಲ್ಲ ಒಂದೇ ಬಗೆಯ ಕಾರ್ಡಿಗೆ ಸಂಬಂಧಿಸಿದವು. ದಪ್ಪ ಹಾಳೆಯ ಮೇಲೆ ಕಪ್ಪು ಗೆರೆಯ ಅಚ್ಚು ಒತ್ತಿ, ಗೆರೆಯೊಳಗೆ ಜಲವರ್ಣ ತುಂಬಿ, ಒಣಗಿದ ಮೇಲೆ ಆ ಹಾಳೆಯನ್ನು ಮಡಚಿದ ಕಾರ್ಡಿನ ಮೇಲೆ ಅಂಟಿಸುವುದು. ಉದಾಹರಣೆಗೆ ಕಬ್ಬಿನ ಚಿತ್ರ ಇಟ್ಟುಕೊಂಡಿದ್ದೇನೆ. ಯುಗಾದಿಗೆ, ಹುಟ್ಟುಹಬ್ಬಕ್ಕೆ ಚಿತ್ರ ಬದಲಾಗುತ್ತದೆ, ವಿಧಾನ ಇದೇ.

ನನಗೆ ಚಿತ್ರ ಬಿಡಿಸಲು ಬರುವುದೇ ಇಲ್ಲ. ಆದರೂ ಮಾಡಬಹುದಾ?

ಖಂಡಿತ ಮಾಡಬಹುದು. ಚಿತ್ರದ ಗೆರೆಯನ್ನು ಸ್ಟ್ಯಾಂಪ್ ಕೊಡುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಬಣ್ಣ ಮತ್ತು ನೀರು.

ಇದನ್ನು ಅಡ್ಡದಾರಿ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ತಯಾರಾದದ್ದೂ ಹೀಗೆಯೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿದ. ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಒಂದೊಂದು ಕಾರ್ಡಿಗೂ ಕೈಯಿಂದ ತುಂಬಿಸಿದರು. ಬೆಲೆ ಒಂದು ಶಿಲ್ಲಿಂಗ್. ಅದಕ್ಕೆ ಮೂರು ವರ್ಷ ಮೊದಲು, 1840ರಲ್ಲಿ, ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಕಾಗದ ಕಳಿಸುವ ವ್ಯವಸ್ಥೆ ಬಂದಿತ್ತು. ಅದನ್ನು ಜಾರಿಗೆ ತಂದವರ ಜೊತೆ ಕೆಲಸ ಮಾಡಿದವನೂ ಇದೇ ಕೋಲ್. ಅಚ್ಚಿನ ಗೆರೆ, ಕೈಯ ಬಣ್ಣ, ಅಗ್ಗದ ಅಂಚೆ: ಈ ಮೂರೂ ಸೇರಿಯೇ ಆ ಕಾರ್ಡ್ ಹುಟ್ಟಿದ್ದು. ನೀವು ಮಾಡಲು ಹೊರಟಿರುವುದೂ ಅದನ್ನೇ.

ಶುರು ಮಾಡಲು ಏನೇನು ಬೇಕು?

ಬಹಳ ಬೇಡ. ಒಂದು ಸ್ಟ್ಯಾಂಪ್. ನೀರಿಗೆ ಹರಡದ ಕಪ್ಪು ಇಂಕ್ ಪ್ಯಾಡ್. ಜಲವರ್ಣಕ್ಕೆಂದೇ ಮಾಡಿದ ದಪ್ಪ ಕಾಗದ. ನಾಲ್ಕು ಬಣ್ಣ. ತುದಿ ಚೂಪಾಗಿ ನಿಲ್ಲುವ 4ನೇ ಅಥವಾ 6ನೇ ನಂಬರಿನ ದುಂಡು ಬ್ರಷ್. ನೀರಿಗೆ ಎರಡು ಲೋಟ, ಒಂದು ಹಳೆಯ ಹತ್ತಿ ಬಟ್ಟೆ. ಕಾರ್ಡಿನ ಬುಡಕ್ಕೆ 250 ಜಿಎಸ್‌ಎಂನ (ಕಾಗದದ ತೂಕದ ಅಳತೆ, ಮುಂದೆ ವಿವರಿಸಿದ್ದೇನೆ) ಸಾದಾ ಕಾರ್ಡ್ ಶೀಟ್, ಎರಡೂ ಬದಿ ಅಂಟುವ ಟೇಪ್. ಇಷ್ಟು ಸಾಕು.

ಕಾಗದ ಮತ್ತು ಇಂಕಿಗೆ ದುಡ್ಡು ಹಾಕಿ, ಉಳಿದದ್ದರಲ್ಲಿ ಉಳಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ಕಾಗದದ ಮೇಲೆ ಶಾಲೆಯ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಕೆಟ್ಟ ಕಾಗದದ ಮೇಲೆ ಎಷ್ಟೇ ದುಬಾರಿ ಬಣ್ಣ ಹಚ್ಚಿದರೂ ಮೇಲೇಳುವುದಿಲ್ಲ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಒಮ್ಮೆ ಸುತ್ತಿ ಬನ್ನಿ. ಮದುವೆ ಪತ್ರಿಕೆಯ ಕಾಗದ, ಕಾರ್ಡ್ ಶೀಟ್, ಲಕೋಟೆ ಮಾರುವ ಅಂಗಡಿಗಳು ಅಲ್ಲಿ ಸಾಲಾಗಿವೆ. ಜಲವರ್ಣದ ಕಾಗದಕ್ಕೆ ಮಾತ್ರ ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗೇ ಹೋಗಬೇಕು.

ಕಾಗದ ಯಾವುದು ತರಲಿ? ಡ್ರಾಯಿಂಗ್ ಶೀಟ್ ಆಗಲ್ವಾ?

ಶಾಲೆಯ ಡ್ರಾಯಿಂಗ್ ಶೀಟ್ ಬೇಡ. ನೀರು ತಾಗಿದ ಕೂಡಲೇ ಅದು ಉಬ್ಬುತ್ತದೆ. ಎರಡನೇ ಸಲ ಬ್ರಷ್ ಆಡಿಸಿದರೆ ಮೇಲ್ಮೈ ಎದ್ದು ಪುಡಿಪುಡಿಯಾಗುತ್ತದೆ. ಜಲವರ್ಣದ ಕಾಗದವೇ ಇರಲಿ, 300 ಜಿಎಸ್‌ಎಂ ಇರಲಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ತೂಕ ಜಾಸ್ತಿಯಾದಷ್ಟೂ ಹಾಳೆ ಗಟ್ಟಿ.

ಇನ್ನು ಮೇಲ್ಮೈಯ ವಿಷಯ. ಕಾಗದದ ಪ್ಯಾಡಿನ ಮೇಲೆ ಕೋಲ್ಡ್ ಪ್ರೆಸ್, ಹಾಟ್ ಪ್ರೆಸ್, ರಫ್ ಅಂತ ಬರೆದಿರುತ್ತದೆ. ರಫ್ ತುಂಬಾ ಒರಟು, ಸ್ಟ್ಯಾಂಪ್ ಕೆಲಸಕ್ಕೆ ಅದನ್ನು ಮರೆತುಬಿಡಿ. ಹಾಟ್ ಪ್ರೆಸ್ ನುಣುಪು. ಅಚ್ಚಿನ ಸಣ್ಣ ಗೆರೆಯೂ ಕಡಿಯದೆ ಮೂಡುತ್ತದೆ. ಆದರೆ ನೀರು ಅದರ ಮೇಲೆ ಬೇಗ ಓಡಾಡುವುದರಿಂದ ಹೊಸಬರಿಗೆ ಬಣ್ಣ ಹಿಡಿತಕ್ಕೆ ಸಿಗುವುದು ಸ್ವಲ್ಪ ಕಷ್ಟ. ಕೋಲ್ಡ್ ಪ್ರೆಸ್‌ನಲ್ಲಿ ಸಣ್ಣ ತರಿ ಇರುತ್ತದೆ. ಬಣ್ಣ ತುಂಬುವುದು ಸುಲಭ, ಅಚ್ಚು ಮಾತ್ರ ಅಲ್ಲಲ್ಲಿ ಬಿಟ್ಟುಹೋಗಬಹುದು. ಹೊಸಬರಿಗೆ ನಾನು ಕೋಲ್ಡ್ ಪ್ರೆಸ್ ತರಲು ಹೇಳಿ, ಹಾಳೆಯ ಹಿಂಬದಿಯನ್ನು ಬಳಸಲು ಹೇಳುತ್ತೇನೆ. ಸಾಧಾರಣ ಬೆಲೆಯ ಪ್ಯಾಡುಗಳಲ್ಲಿ ಹಿಂಬದಿ ಎಷ್ಟೋ ಸಲ ಮುಂಬದಿಗಿಂತ ನುಣುಪಾಗಿರುತ್ತದೆ. ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ.

ಹತ್ತಿಯ ಕಾಗದ, ಮರದ ತಿರುಳಿನ ಕಾಗದ ಎಂಬ ಭೇದವೂ ಇದೆ. ನೂರಕ್ಕೆ ನೂರು ಹತ್ತಿಯದಾದರೆ ನೀರನ್ನು ನಿಧಾನವಾಗಿ ಕುಡಿಯುತ್ತದೆ, ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಬಣ್ಣದ ಮೇಲೆ ಬಣ್ಣ ಹಚ್ಚಲು ಬಿಡುತ್ತದೆ. ಬೆಲೆಯೂ ಜಾಸ್ತಿ. ಕಲಿಯುವಾಗ ಮರದ ತಿರುಳಿನದೇ ಸಾಕು. ಕೈ ಕುದುರಿದ ಮೇಲೆ ಹತ್ತಿಯದನ್ನು ತಂದು ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಬಣ್ಣ ಹಚ್ಚಿದ ಕೂಡಲೇ ಕಪ್ಪು ಗೆರೆ ಕರಗಿ ಎಲ್ಲ ಮಸಿಯಾಗುತ್ತೆ. ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾರಣ ಇಂಕ್. ಪೆಟ್ಟಿಗೆಯ ಮೇಲೆ ಕಪ್ಪು ಎಂದು ಬರೆದಿದ್ದರೆ ಸಾಲದು, ಒಣಗಿದ ಮೇಲೆ ನೀರಿಗೆ ಜಗ್ಗಬಾರದು.

ನೀರಿನಲ್ಲಿ ಕರಗುವ ಬಣ್ಣದಿಂದ ಮಾಡಿದ ಇಂಕುಗಳು ಬೇಗ ಒಣಗುತ್ತವೆ, ಆದರೆ ಒದ್ದೆ ಬ್ರಷ್ ತಾಗಿದರೆ ಮತ್ತೆ ಕರಗುತ್ತವೆ. ಆಲ್ಕೋಹಾಲ್ ಮಾರ್ಕರ್ ಬಳಸುವವರಿಗೆಂದು ಮಾಡಿದ ಕೆಲವು ಇಂಕುಗಳೂ ಹಾಗೆಯೇ. ಮಾರ್ಕರಿಗೆ ಅವು ಅಲುಗುವುದಿಲ್ಲ, ನೀರಿಗೆ ಹರಡುತ್ತವೆ. ಜಲವರ್ಣಕ್ಕೆ ಹೊಂದುವ ಇಂಕುಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಮೂರು: ರೇಂಜರ್ ಕಂಪನಿಯ ಆರ್ಕೈವಲ್, ಜಪಾನಿನ ತ್ಸುಕಿನೆಕೊ ಕಂಪನಿಯ ವರ್ಸಾಫೈನ್ ಕ್ಲೇರ್ ಮತ್ತು ಸ್ಟೇಜ಼್‌ಆನ್. ವರ್ಸಾಫೈನ್ ಕ್ಲೇರ್ ದಟ್ಟ ಕಪ್ಪು, ಸಣ್ಣ ಗೆರೆಗಳನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ, ಒಣಗಲು ಮಾತ್ರ ಕೊಂಚ ಹೊತ್ತು ಬೇಕು. ಸ್ಟೇಜ಼್‌ಆನ್ ಪ್ಲಾಸ್ಟಿಕ್ ಮೇಲೂ ನಿಲ್ಲುವ ಇಂಕ್, ಬೇಗ ಒಣಗುತ್ತದೆ, ವಾಸನೆ ಇದೆ. ನಾನು ಹೆಚ್ಚಾಗಿ ಕೈ ಹಾಕುವುದು ಆರ್ಕೈವಲ್‌ಗೆ.

ಯಾವುದೇ ಇಂಕ್ ತಂದರೂ ಮೊದಲು ಪರೀಕ್ಷೆ ಮಾಡಿ. ಅದೇ ಕಾಗದದ ತುಂಡಿನ ಮೇಲೆ ನಾಲ್ಕು ಸಲ ಒತ್ತಿ. ಒಂದನ್ನು ಒಂದು ನಿಮಿಷಕ್ಕೆ, ಇನ್ನೊಂದನ್ನು ಐದು ನಿಮಿಷಕ್ಕೆ, ಮೂರನೆಯದನ್ನು ಅರ್ಧ ಗಂಟೆಗೆ ಒದ್ದೆ ಬ್ರಷ್‌ನಿಂದ ಉಜ್ಜಿ. ನಾಲ್ಕನೆಯದಕ್ಕೆ ಹೇರ್ ಡ್ರೈಯರ್ ಹಿಡಿದು, ಆರಿದ ಮೇಲೆ ಉಜ್ಜಿ. ನಿಮ್ಮ ಇಂಕ್, ನಿಮ್ಮ ಕಾಗದ, ನಿಮ್ಮ ಊರಿನ ಹವೆ, ಮೂರಕ್ಕೂ ಸೇರಿ ಎಷ್ಟು ಹೊತ್ತು ಕಾಯಬೇಕು ಅಂತ ಆ ತುಂಡೇ ಹೇಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಒಣಗುವ ಹೊತ್ತೇ ಬೇರೆ, ಕಲಬುರಗಿಯ ಬೇಸಿಗೆಯಲ್ಲಿ ಒಣಗುವ ಹೊತ್ತೇ ಬೇರೆ, ಅಲ್ವಾ?

ಮನೆಯಲ್ಲಿ ಆಫೀಸಿನ ಸ್ಟ್ಯಾಂಪ್ ಪ್ಯಾಡ್ ಇದೆ. ಅದನ್ನೇ ಬಳಸಲಾ?

ಅದು ನೀರಿಗೆ ಹರಡುತ್ತದೆ. ಅಚ್ಚಿನೊಳಗೆ ಹಳದಿ ತುಂಬಲು ಹೋದರೆ ಇಂಕ್ ಬೆರೆತು ಹಳದಿಯೂ ಕೊಳಕಾಗುತ್ತದೆ. ಆದರೆ ಹರಡುವ ಗುಣವನ್ನೇ ಉಪಯೋಗಿಸಿಕೊಳ್ಳುವ ಒಂದು ಚೆಂದದ ದಾರಿ ಇದೆ. ನೀಲಿ ಪ್ಯಾಡಿನಿಂದ ಹೂವಿನ ಅಚ್ಚು ಒತ್ತಿ. ಬೇರೆ ಯಾವ ಬಣ್ಣವೂ ಬೇಡ. ಬರೀ ನೀರಿನ ಬ್ರಷ್‌ನಿಂದ ಗೆರೆಯ ಅಂಚನ್ನು ಮುಟ್ಟಿ ಎಸಳಿನ ಒಳಕ್ಕೆ ಎಳೆಯಿರಿ. ಗೆರೆಯೇ ಕರಗಿ ನೆರಳಾಗುತ್ತದೆ. ಒಂದೇ ಬಣ್ಣದ ಇಂಥ ಕಾರ್ಡುಗಳು ಬಹಳ ಶಾಂತವಾಗಿ ಕಾಣುತ್ತವೆ. ರೇಂಜರ್‌ನವರ ಡಿಸ್ಟ್ರೆಸ್ ಇಂಕ್ ಅನ್ನು ನೀರು ತಾಗಿದರೆ ಹರಡಲಿ ಅಂತಲೇ ಮಾಡಿದ್ದಾರೆ.

ಕನ್ನಡದಲ್ಲಿ ಬರೆದಿರುವ ಸ್ಟ್ಯಾಂಪ್ ಎಲ್ಲಿ ಸಿಗುತ್ತೆ?

ಕ್ರಾಫ್ಟ್ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಸಾಲುಗಳೇ. ಆದರೆ ನಿಮ್ಮೂರಿನ ಕೋರ್ಟ್ ಅಥವಾ ತಾಲ್ಲೂಕು ಕಚೇರಿಯ ಹತ್ತಿರ ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿ ಇದ್ದೇ ಇರುತ್ತದೆ. ಸಹಿ ಮುದ್ರೆ ಮಾಡುವ ಅವರೇ 'ಸಂಕ್ರಾಂತಿ ಹಬ್ಬದ ಶುಭಾಶಯಗಳು' ಅಂತಲೂ ಮಾಡಿಕೊಡುತ್ತಾರೆ. ಮರದ ಹಿಡಿಯ ಸಾದಾ ಸ್ಟ್ಯಾಂಪ್ ಕೇಳಿ. ತಾನೇ ಇಂಕ್ ಹಚ್ಚಿಕೊಳ್ಳುವ ಡಬ್ಬಿ ಸ್ಟ್ಯಾಂಪ್ ಬೇಡ, ಅದರಲ್ಲಿ ನಿಮಗೆ ಬೇಕಾದ ಇಂಕ್ ಬಳಸಲು ಆಗುವುದಿಲ್ಲ.

ಒಂದು ಎಚ್ಚರ. ಸಾಲನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಬೇಡಿ. ಅಂಗಡಿಯ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಯೂನಿಕೋಡ್ ಅಕ್ಷರ ಒಡೆದು ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ನೀವೇ ಅಕ್ಷರ ಜೋಡಿಸಿ, ಬಿಳಿಯ ಮೇಲೆ ಕಪ್ಪು ಇರುವ ಪಿಡಿಎಫ್ ಅಥವಾ ದೊಡ್ಡ ಚಿತ್ರವಾಗಿ ಕೊಡಿ. ಅಕ್ಷರ ತೀರಾ ಸಣ್ಣದಿರಬಾರದು. ಕನ್ನಡದ ಅಕ್ಷರಗಳಲ್ಲಿ ಸುರುಳಿ ಜಾಸ್ತಿ. ಸಣ್ಣದಾದರೆ 'ಶು'ವಿನ ಕೊಂಬು, 'ಕ್ರಾ'ದ ಒತ್ತು ಎಲ್ಲ ಇಂಕ್ ತುಂಬಿ ಮುಚ್ಚಿಹೋಗುತ್ತವೆ. ಒತ್ತಕ್ಷರ ಬಿಟ್ಟು ಅಕ್ಷರದ ಎತ್ತರವೇ ಅರ್ಧ ಸೆಂಟಿಮೀಟರ್ ಇದ್ದರೆ ಚೆನ್ನ. ಕೈಬರಹ ಚೆನ್ನಾಗಿರುವವರು ಬಿಳಿ ಹಾಳೆಯ ಮೇಲೆ ಬರೆದು ಸ್ಕ್ಯಾನ್ ಮಾಡಿ ಕೊಡಿ. ಅಮ್ಮನ ಕೈಬರಹದಲ್ಲೇ ಸ್ಟ್ಯಾಂಪ್ ಮಾಡಿಸಿಟ್ಟುಕೊಂಡರೆ ಪ್ರತಿ ಹಬ್ಬಕ್ಕೂ ಬರುತ್ತದೆ.

ನಾನೇ ಅಚ್ಚು ಕೆತ್ತಬಹುದಾ?

ಕೆತ್ತಿ! ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಡುವ ಭಾಗ ಅದೇ. ಅಂಗಡಿಯ ಸ್ಟ್ಯಾಂಪುಗಳಲ್ಲಿ ಕ್ರಿಸ್‌ಮಸ್ ಮರ, ಗುಲಾಬಿ ಹೇರಳವಾಗಿ ಇವೆ. ಕಬ್ಬು, ಅವರೆಕಾಯಿ, ಸಕ್ಕರೆ ಅಚ್ಚಿನ ಗಿಳಿ ಬೇಕೆಂದರೆ ನಾವೇ ಮಾಡಿಕೊಳ್ಳಬೇಕು.

ಪೆನ್ಸಿಲ್ ಅಳಿಸುವ ದೊಡ್ಡ ಬಿಳಿ ರಬ್ಬರ್ ಸಾಕು. ಚಿತ್ರವನ್ನು ಮೆತ್ತನೆಯ ಪೆನ್ಸಿಲ್‌ನಿಂದ ಕಾಗದದ ಮೇಲೆ ಬರೆದು, ಕಾಗದವನ್ನು ರಬ್ಬರ್ ಮೇಲೆ ಕವುಚಿ ಉಜ್ಜಿ. ಚಿತ್ರ ತಿರುಗುಮುರುಗಾಗಿ ರಬ್ಬರಿಗೆ ಇಳಿಯುತ್ತದೆ. ಒತ್ತಿದಾಗ ಮತ್ತೆ ಸರಿಯಾಗುತ್ತದೆ. ಅಕ್ಷರ ಕೆತ್ತುವವರಿಗೆ ಇದು ಮುಖ್ಯ. ನೇರವಾಗಿ ಕೆತ್ತಿದರೆ ಕನ್ನಡಿಯಲ್ಲಿ ಓದಬೇಕಾಗುತ್ತದೆ. ಗೆರೆಯನ್ನು ಉಳಿಸಿ, ಸುತ್ತಲಿನ ಜಾಗವನ್ನು ಲೈನೋ (ಅಚ್ಚು ಕೆತ್ತಲು ಬಳಸುವ ಮೆತ್ತನೆಯ ಹಾಳೆ) ಕತ್ತರಿಸುವ ಉಳಿಯಿಂದ ತೆಗೆಯಿರಿ. ಉಳಿ ಸದಾ ನಿಮ್ಮಿಂದ ಆಚೆಗೆ ಹೋಗಲಿ, ರಬ್ಬರ್ ಹಿಡಿದ ಬೆರಳು ಅದರ ದಾರಿಯಲ್ಲಿ ಇರದಿರಲಿ.

ಕಬ್ಬಿಗೆ ಇಡೀ ಜಲ್ಲೆಯನ್ನು ಕೆತ್ತಬೇಕಿಲ್ಲ. ಎರಡು ಗೆಣ್ಣುಗಳ ನಡುವಿನ ಒಂದು ತುಂಡನ್ನು ಮಾತ್ರ ಕೆತ್ತಿ. ಅಗಲ ಒಂದು ಸೆಂಟಿಮೀಟರ್, ಉದ್ದ ಎರಡೂವರೆ. ಅದನ್ನೇ ಒಂದರ ಮೇಲೊಂದು ನಾಲ್ಕು ಸಲ ಒತ್ತಿದರೆ ಜಲ್ಲೆ ತಯಾರು. ಪ್ರತಿ ಸಲ ಒಂಚೂರು ಓರೆ ಮಾಡಿದರೆ ಜಲ್ಲೆ ಸಹಜವಾಗಿ ಬಾಗುತ್ತದೆ. ಉದ್ದನೆಯ ಒಂದು ಗರಿ ಬೇರೆ ಕೆತ್ತಿಕೊಳ್ಳಿ. ಅದನ್ನೇ ಬೇರೆ ಬೇರೆ ದಿಕ್ಕಿಗೆ ಒತ್ತಿ. ಎರಡು ಸಣ್ಣ ಅಚ್ಚಿನಿಂದ ಇಡೀ ಕಬ್ಬಿನ ತೋಟವೇ ಬರುತ್ತದೆ.

ಕೆತ್ತಿದ ರಬ್ಬರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಹಾಕಬೇಡಿ. ದಿನ ಕಳೆದಂತೆ ಡಬ್ಬಿಗೆ ಅಂಟಿಕೊಂಡು ಮೆತ್ತಗಾಗುತ್ತದೆ. ಕಾಗದದಲ್ಲಿ ಸುತ್ತಿಡಿ.

ಅಚ್ಚು ಅರ್ಧಂಬರ್ಧ ಮೂಡುತ್ತಿದೆ.

ಹೊಸ ಪಾರದರ್ಶಕ ಸ್ಟ್ಯಾಂಪ್ ಆಗಿದ್ದರೆ ಅದರ ಮೇಲ್ಮೈ ಇಂಕನ್ನು ಹಿಡಿಯದೆ ಹನಿಹನಿಯಾಗಿ ಬಿಡುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒಮ್ಮೆ ಉಜ್ಜಿ, ಸರಿಹೋಗುತ್ತದೆ. ಇಂಕ್ ಹಚ್ಚುವಾಗ ಸ್ಟ್ಯಾಂಪನ್ನು ಮೇಲ್ಮುಖವಾಗಿ ಹಿಡಿದು, ಪ್ಯಾಡಿನಿಂದ ಅದನ್ನು ತಟ್ಟಿ. ಎಲ್ಲೆಲ್ಲಿ ಇಂಕ್ ಹತ್ತಿದೆ ಅಂತ ಕಾಣುತ್ತದೆ. ಒತ್ತುವಾಗ ಕಾಗದದ ಕೆಳಗೆ ಒಂದು ನೋಟ್‌ಬುಕ್ ಅಥವಾ ತೆಳ್ಳನೆಯ ಫೋಮ್ ಹಾಳೆ ಇರಲಿ. ನೇರ ಇಳಿಸಿ, ನೇರ ಒತ್ತಿ, ನೇರ ಎತ್ತಿ. ಅಲ್ಲಾಡಿಸಿದರೆ ಗೆರೆ ಎರಡಾಗುತ್ತದೆ.

ತರಿ ಇರುವ ಕಾಗದದ ಮೇಲೆ ಎರಡನೇ ಸಲ ಅದೇ ಜಾಗಕ್ಕೆ ಒತ್ತಬೇಕಾಗುತ್ತದೆ. ಕೈಯಿಂದ ಅದು ಆಗದು. ಅದಕ್ಕೆ ಸ್ಟ್ಯಾಂಪನ್ನು ಮುಚ್ಚಳಕ್ಕೆ ಅಂಟಿಸಿ ಒತ್ತುವ ಸಾಧನ ಬರುತ್ತದೆ, ಮಿಸ್ಟಿ ಅನ್ನುವುದು ಹೆಸರಾದದ್ದು. ತುಂಬಾ ಕಾರ್ಡ್ ಮಾಡುವವರಿಗೆ ಉಪಯೋಗ. ನಾಲ್ಕೈದು ಕಾರ್ಡಿಗೆ ಬೇಡ. ಬಿಟ್ಟುಹೋದ ಗೆರೆಯನ್ನು ನೀರಿಗೆ ಹರಡದ ಸಣ್ಣ ಕಪ್ಪು ಪೆನ್ನಿನಿಂದ ತಿದ್ದಿದರೆ ಸಾಕು.

ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಮರದ ಹಿಡಿಯ ಸ್ಟ್ಯಾಂಪನ್ನು ನೀರಿನಲ್ಲಿ ನೆನೆಹಾಕಬೇಡಿ, ಅಂಟು ಬಿಡುತ್ತದೆ.

ಎಷ್ಟು ಬಣ್ಣ ಬೇಕು?

ನಾಲ್ಕು: ಲೆಮನ್ ಯೆಲ್ಲೋ ಎಂಬ ಹಳದಿ, ಕ್ರಿಮ್ಸನ್ ಎಂಬ ಗಾಢ ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು. ಕ್ಯಾಮೆಲ್‌ನ ವಿದ್ಯಾರ್ಥಿಗಳ ಟ್ಯೂಬುಗಳಿಂದಲೇ ಶುರು ಮಾಡಿ.

ಹಳದಿ, ನೀಲಿ ಸೇರಿದರೆ ಕಬ್ಬಿನ ಗರಿಯ ಹಸಿರು. ಅಲ್ಟ್ರಾಮರೀನ್‌ನಿಂದ ಬರುವ ಹಸಿರು ಕೊಂಚ ಮಂಕು, ಗರಿಗೆ ಅದೇ ಸರಿ. ಟ್ಯೂಬಿನಿಂದ ಬರುವ ಸಿದ್ಧ ಹಸಿರನ್ನು ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಗಿಡದಂತೆ ಕಾಣುತ್ತದೆ. ಕ್ರಿಮ್ಸನ್‌ಗೆ ನೀಲಿ, ಒಂದು ಚೂರು ಸಿಯೆನ್ನಾ ಸೇರಿಸಿದರೆ ಹಬ್ಬಕ್ಕೆ ತರುವ ಕರಿ ಕಬ್ಬಿನ ನೇರಳೆಗಪ್ಪು. ಹಳದಿಗೆ ತುಸು ಕ್ರಿಮ್ಸನ್ ಹಾಕಿದರೆ ಚೆಂಡು ಹೂವು. ಸಿಯೆನ್ನಾವನ್ನು ನೀರು ಮಾಡಿದರೆ ಬೆಲ್ಲ. ನೀಲಿ ಮತ್ತು ಸಿಯೆನ್ನಾ ಸೇರಿದರೆ ಒಳ್ಳೆಯ ಬೂದು ಬಣ್ಣ, ನೆರಳಿಗೆಲ್ಲ ಅದೇ. ಕಪ್ಪು ಟ್ಯೂಬ್ ತೆರೆಯಲೇಬೇಡಿ. ಬಿಳಿಯೂ ಬೇಡ, ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಿ.

ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಚ್ಚುವಾಗ ತುಸು ಗಾಢ ಅನ್ನಿಸುವಷ್ಟೇ ಇರಲಿ.

ಕಬ್ಬಿಗೆ ಬಣ್ಣ ತುಂಬುವ ಕ್ರಮ ಹೇಳಿ.

ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ. ಎರಡು ಲೋಟದಲ್ಲಿ ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ಎರಡನೆಯದು ಕೊನೆಯವರೆಗೂ ತಿಳಿಯಾಗಿರಬೇಕು. ಬೆರಕೆ ಬಣ್ಣಗಳನ್ನು ಮೊದಲೇ ಸಾಕಷ್ಟು ಕಲಸಿಟ್ಟುಕೊಳ್ಳಿ. ಮಧ್ಯದಲ್ಲಿ ಖಾಲಿಯಾದರೆ ಅದೇ ಬಣ್ಣ ಮತ್ತೆ ಬರುವುದು ಕಷ್ಟ.

ಮೊದಲು ಗರಿ. ಒಂದು ಗರಿಯೊಳಗೆ ಬರೀ ನೀರು ಹಚ್ಚಿ. ಮೇಲ್ಮೈ ಮಿನುಗಬೇಕು, ನೀರು ನಿಲ್ಲಬಾರದು. ಈಗ ಬುಡಕ್ಕೆ ಗಾಢ ಹಸಿರಿನ ಒಂದು ಹನಿ ಮುಟ್ಟಿಸಿ. ಅದು ತಾನಾಗಿ ತುದಿಯ ಕಡೆ ಹರಿಯುತ್ತದೆ. ತುದಿಗೆ ಹಳದಿಯ ಒಂದು ಹನಿ ಕೊಡಿ. ಎರಡೂ ನಡುವೆ ಸೇರುತ್ತವೆ. ಆಮೇಲೆ ಬ್ರಷ್ ಎತ್ತಿಬಿಡಿ. ತಿದ್ದಲು ಹೋಗಬೇಡಿ. ಗೆರೆಯ ಆಚೆ ಒಣ ಕಾಗದ ಇರುವುದರಿಂದ ಬಣ್ಣ ಅಲ್ಲೇ ನಿಲ್ಲುತ್ತದೆ. ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಬಣ್ಣ ಓಡುತ್ತದೆ. ಇದೊಂದು ಕೈಗೆ ಹತ್ತಿದರೆ ಮುಕ್ಕಾಲು ಕೆಲಸ ಬಂದಂತೆಯೇ.

ಪಕ್ಕದ ಗರಿಯನ್ನು ಕೂಡಲೇ ಮುಟ್ಟಬೇಡಿ. ಎರಡೂ ಒದ್ದೆಯಾಗಿದ್ದರೆ ಬಣ್ಣ ಗೆರೆ ದಾಟಿ ಸೇರಿಕೊಳ್ಳುತ್ತದೆ. ಒಂದು ಬಿಟ್ಟು ಒಂದು ಮಾಡುತ್ತ ಹೋಗಿ.

ಜಲ್ಲೆಯ ಪ್ರತಿ ತುಂಡಿಗೂ ಎರಡು ಅಂಚಿನಲ್ಲಿ ನೇರಳೆಗಪ್ಪು ಹಚ್ಚಿ, ತೊಳೆದು ಹಿಂಡಿದ ಬ್ರಷ್‌ನಿಂದ ಒಳಕ್ಕೆ ಎಳೆಯಿರಿ. ನಡುವೆ ಉದ್ದಕ್ಕೆ ಒಂದು ತಿಳಿ ಪಟ್ಟೆ ಉಳಿಯಲಿ. ಜಲ್ಲೆ ದುಂಡಗೆ ಕಾಣುವುದು ಆ ಪಟ್ಟೆಯಿಂದ. ಪೂರ್ತಿ ಒಣಗಿದ ಮೇಲೆ ಗೆಣ್ಣಿನ ಕೆಳಗೆ ಸಣ್ಣ ಬ್ರಷ್‌ನಿಂದ ಗಾಢವಾದ ಒಂದು ಗೀಟು. ಕರಿ ಕಬ್ಬಿನ ಮೇಲೆ ಬಿಳಿ ಬೂದಿಯಂಥ ಪುಡಿ ಇರುತ್ತದಲ್ಲ, ಅದಕ್ಕೆ ಗೆಣ್ಣಿನ ಹತ್ತಿರದ ಬಣ್ಣವನ್ನು ಒದ್ದೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು.

ಹಿನ್ನೆಲೆಗೆ ಏನೂ ಬೇಡ ಅನ್ನುತ್ತೇನೆ. ತೀರಾ ಬೇಕಾದರೆ ಕೆಳಗೆ ತೆಳು ಸಿಯೆನ್ನಾ ಒಂದು ಎಳೆತ.

ನಡುವೆ ಹೂಕೋಸಿನ ಅಂಚಿನಂಥ ಕಲೆ ಬರುತ್ತೆ.

ಬಣ್ಣ ಅರೆ ಒಣಗಿದಾಗ ಅದರ ಮೇಲೆ ಹೆಚ್ಚು ನೀರಿರುವ ಬ್ರಷ್ ತಾಗಿದರೆ ಹೀಗಾಗುತ್ತದೆ. ಹೊಸ ನೀರು ಹಳೆಯ ಬಣ್ಣವನ್ನು ಅಂಚಿಗೆ ತಳ್ಳಿ ಅಲ್ಲಿ ಬಿಡುತ್ತದೆ. ಮಿನುಗು ಇರುವವರೆಗೆ ಸೇರಿಸಬಹುದು. ಮಿನುಗು ಹೋಗಿ ತಣ್ಣಗಿದೆ ಅನ್ನುವಾಗ ಕೈ ಕಟ್ಟಿ ಕೂರಬೇಕು. ಪೂರ್ತಿ ಒಣಗಿತಾ ಅಂತ ತಿಳಿಯಲು ಬೆರಳಿನ ಹಿಂಬದಿ ಮುಟ್ಟಿಸಿ. ತಣ್ಣಗಿದ್ದರೆ ಇನ್ನೂ ನೀರಿದೆ.

ಹೇರ್ ಡ್ರೈಯರ್ ಹಿಡಿಯುವುದಾದರೆ ಮಿನುಗು ಹೋದ ಮೇಲೆ, ಒಂದು ಅಡಿ ದೂರದಿಂದ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ಗೆರೆಯಾಚೆ ತಳ್ಳುತ್ತದೆ.

ಕಾಗದ ಸೊಟ್ಟಗಾಯಿತು. ಬಿಸಾಡಬೇಕಾ?

ಬೇಡ. ಚಿತ್ರ ಪೂರ್ತಿ ಒಣಗಲಿ. ಹಾಳೆಯನ್ನು ಕವುಚಿ, ಹಿಂಬದಿಗೆ ಮಾತ್ರ ಒದ್ದೆ ಬಟ್ಟೆಯಿಂದ ಸವರಿ. ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಿ.

ಉಬ್ಬು ಗೆರೆ ಬರುವ ಎಂಬಾಸಿಂಗ್ ಮಾಡಿದರೆ ಒಳ್ಳೆಯದಾ?

ಕೈ ನಡುಗುವವರಿಗೆ, ಮಕ್ಕಳಿಗೆ ಇದು ದೊಡ್ಡ ಸಹಾಯ. ಅಂಟುವ ಪಾರದರ್ಶಕ ಇಂಕಿನಲ್ಲಿ ಒತ್ತಿ, ಮೇಲೆ ಎಂಬಾಸಿಂಗ್ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ ಹಿಡಿದರೆ ಪುಡಿ ಕರಗಿ ಗೆರೆ ಉಬ್ಬುತ್ತದೆ. ಆ ಉಬ್ಬು ಬಣ್ಣಕ್ಕೆ ಬದು ಹಾಕಿದಂತೆ ಕೆಲಸ ಮಾಡುತ್ತದೆ, ನೀರು ಸುಲಭಕ್ಕೆ ದಾಟುವುದಿಲ್ಲ. ಹೇರ್ ಡ್ರೈಯರ್ ಇಲ್ಲಿ ನಡೆಯುವುದಿಲ್ಲ. ಅದರ ಶಾಖ ಸಾಲದು, ಗಾಳಿ ಜೋರು, ಪುಡಿ ಹಾರಿಹೋಗುತ್ತದೆ. ಹೀಟ್ ಗನ್ ಮಕ್ಕಳ ಕೈಗೆ ಕೊಡಬೇಡಿ. ಬಿಳಿ ಪುಡಿಯ ಗೆರೆ, ಒಳಗೆ ಗಾಢ ಬಣ್ಣ, ನೋಡಲು ಬಲು ಸೊಗಸು.

ಮಕ್ಕಳ ಜೊತೆ ಮಾಡಬೇಕು. ಸುಲಭದ್ದು ಏನಾದರೂ?

ಬೆಂಡೆಕಾಯಿ. ಅಡ್ಡ ಕತ್ತರಿಸಿದರೆ ಐದು ಮೂಲೆಯ ಹೂವು ಸಿದ್ಧ. ಸ್ವಲ್ಪ ಬಲಿತದ್ದಾದರೆ ಇನ್ನೂ ಒಳ್ಳೆಯದು, ಒತ್ತಿದಾಗ ಜಜ್ಜುವುದಿಲ್ಲ. ಕತ್ತರಿಸಿದ ಮುಖವನ್ನು ಬಟ್ಟೆಗೆ ಒತ್ತಿ ಲೋಳೆ ತೆಗೆದು, ಗಟ್ಟಿ ಪೋಸ್ಟರ್ ಬಣ್ಣ ಸವರಿ ಒತ್ತಲಿ. ಹೂವು ಒಣಗಿದ ಮೇಲೆ ಮಧ್ಯಕ್ಕೊಂದು ಹಳದಿ ಚುಕ್ಕೆ, ಸುತ್ತಲೂ ತೆಳು ಜಲವರ್ಣದ ಎಲೆಗಳು. ಪೋಸ್ಟರ್ ಬಣ್ಣ ನೀರಿಗೆ ಕರಗುತ್ತದೆ, ಹಾಗಾಗಿ ಎಲೆ ಬರೆಯುವಾಗ ಹೂವಿಗೆ ಬ್ರಷ್ ತಾಗಿಸಬಾರದು ಅಂತ ಹೇಳಿಕೊಡಿ. ಉಳಿದದ್ದರಲ್ಲಿ ತಲೆ ಹಾಕಬೇಡಿ. ಮಕ್ಕಳು ಕಬ್ಬಿಗೆ ನೀಲಿ ಹಚ್ಚಿದರೆ ನೀಲಿಯೇ ಇರಲಿ.

ಕಾರ್ಡಿನ ಅಳತೆ ಎಷ್ಟು ಇಡಲಿ?

ಎ4 ಕಾರ್ಡ್ ಶೀಟನ್ನು ಎರಡು ಮಾಡಿ. ಪ್ರತಿ ಅರ್ಧವನ್ನೂ ಮಡಚಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಕಾರ್ಡ್. ಇದಕ್ಕೆ ಸಿ6 ಎಂಬ ಲಕೋಟೆ ಸರಿಯಾಗುತ್ತದೆ. ಅದು 114ಕ್ಕೆ 162 ಮಿ.ಮೀ. ಚಿತ್ರದ ಹಾಳೆಯನ್ನು 95ಕ್ಕೆ 138 ಮಿ.ಮೀ. ಕತ್ತರಿಸಿ, ಸುತ್ತ ಅರ್ಧ ಸೆಂಟಿಮೀಟರ್ ಅಂಚು ಉಳಿಯುತ್ತದೆ.

ಮಡಚುವ ಮೊದಲು ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೀಟು ಎಳೆಯಿರಿ. ಮಡಿಕೆ ಸಿಡಿಯುವುದಿಲ್ಲ. ಅಂಟಿಸಲು ಎರಡು ಬದಿಯ ಟೇಪ್ ಒಳ್ಳೆಯದು. ಫೆವಿಕಾಲ್‌ನಲ್ಲಿ ನೀರಿನಂಶ ಇರುವುದರಿಂದ ಜಾಸ್ತಿ ಬಳಿದರೆ ಹಾಳೆ ಮತ್ತೆ ಸುರುಳಿಕೊಳ್ಳುತ್ತದೆ.

ಅಂಚೆಯಲ್ಲಿ ಕಳಿಸಿದರೆ ತಡೆಯುತ್ತಾ? ಎಷ್ಟು ತೂಕ ಆಗುತ್ತೆ?

ಲೆಕ್ಕ ಹಾಕೋಣ. 250 ಜಿಎಸ್‌ಎಂನ ಅರ್ಧ ಎ4 ಸುಮಾರು 8 ಗ್ರಾಂ. 300 ಜಿಎಸ್‌ಎಂನ ಚಿತ್ರದ ಹಾಳೆ ಸುಮಾರು 4 ಗ್ರಾಂ. ಲಕೋಟೆ ಇನ್ನೊಂದು 4 ಗ್ರಾಂ. ಒಟ್ಟು 16ರ ಆಸುಪಾಸು. ನಮ್ಮ ಅಂಚೆಯಲ್ಲಿ ಸಾದಾ ಪತ್ರದ ಮೊದಲ ಹಂತ 20 ಗ್ರಾಂ ವರೆಗೆ. ಅದರೊಳಗೇ ಮುಗಿಯುತ್ತದೆ. ದಪ್ಪ ಫೋಮ್ ಟೇಪ್, ಮಣಿ, ಮತ್ತೊಂದು ಪದರ ಅಂತ ಹೋದರೆ ಮುಂದಿನ ಹಂತಕ್ಕೆ ಜಾರುತ್ತದೆ. ಉಬ್ಬಿದ ಅಲಂಕಾರಕ್ಕೆ ಇನ್ನೊಂದು ಅಪಾಯವಿದೆ. ಅಂಚೆ ಮುದ್ರೆಯನ್ನು ಬಲವಾಗಿ ಹೊಡೆಯುತ್ತಾರೆ, ಒಳಗಿನ ಮಣಿ ಚಿತ್ರವನ್ನು ತಿವಿಯುತ್ತದೆ. ಅಂಚೆಗೆ ಹೋಗುವ ಕಾರ್ಡ್ ಚಪ್ಪಟೆಯಾಗಿರಲಿ.

ಲಕೋಟೆಯ ಮೇಲಿನ ವಿಳಾಸವನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ. ಜೆಲ್ ಪೆನ್, ಇಂಕ್ ಪೆನ್ನಿನ ಬರಹ ಹೆಚ್ಚಾಗಿ ಹನಿ ನೀರಿಗೆ ಅಳಿಸುತ್ತದೆ. ಆರಂಕಿಯ ಪಿನ್ ಕೋಡ್ ಬಿಡಬೇಡಿ. ಹಬ್ಬ ಜನವರಿ 14 ಅಥವಾ 15ಕ್ಕೆ, ಹಾಗಾಗಿ ಹೊಸ ವರ್ಷದ ಮೊದಲ ವಾರದಲ್ಲೇ ಪೆಟ್ಟಿಗೆಗೆ ಹಾಕಿ. ಹೊರದೇಶಕ್ಕಾದರೆ ಡಿಸೆಂಬರ್ ಆರಂಭದಲ್ಲಿ.

ಲಕೋಟೆಯೊಳಗೆ ಕುಸುರೆಳ್ಳು ಹಾಕಿ ಕಳಿಸಬಹುದಾ?

ಪತ್ರದ ಜೊತೆ ನಾಲ್ಕು ಕಾಳು ಕುಸುರೆಳ್ಳು ಇಟ್ಟು ಕಳಿಸುವ ಪದ್ಧತಿ ನಮ್ಮಲ್ಲಿ, ಅದರಲ್ಲೂ ಉತ್ತರ ಕರ್ನಾಟಕದ ಮನೆಗಳಲ್ಲಿ, ಹಳೆಯದು. ದಯವಿಟ್ಟು ಬಿಡಬೇಡಿ. ಸಣ್ಣ ಬಟರ್ ಪೇಪರ್ ಪೊಟ್ಟಣದಲ್ಲಿ ಚಪ್ಪಟೆಯಾಗಿ ಹರಡಿ, ಕಾರ್ಡಿನ ಒಳಗೆ ಇಡಿ. ಚಿತ್ರಕ್ಕೆ ತಾಗದಿರಲಿ. ತೂಕ ಮತ್ತೆ ನೋಡಿಕೊಳ್ಳಿ. ಬೆಲ್ಲ ಬೇಡ, ಕರಗಿ ಜಿಡ್ಡಾಗುತ್ತದೆ. ಹೊರದೇಶದ ಲಕೋಟೆಗೆ ಮಾತ್ರ ಕಾಳು, ಬೀಜ ಏನೂ ಹಾಕಬೇಡಿ. ಆಸ್ಟ್ರೇಲಿಯಾದಂಥ ಕಡೆ ಬೀಜ, ತಿನಿಸಿನ ನಿಯಮ ತುಂಬಾ ಬಿಗಿ, ಇಡೀ ಲಕೋಟೆಯೇ ತಡೆಯಾಗಬಹುದು. ಅವರಿಗೆ ಕುಸುರೆಳ್ಳನ್ನು ಚಿತ್ರದಲ್ಲೇ ಬರೆದು ಕಳಿಸಿ.

ಹತ್ತಿಪ್ಪತ್ತು ಕಾರ್ಡ್ ಒಟ್ಟಿಗೆ ಮಾಡುವುದು ಹೇಗೆ?

ಒಂದನ್ನು ಮುಗಿಸಿ ಇನ್ನೊಂದು ಶುರು ಮಾಡಬೇಡಿ. ಮೊದಲ ದಿನ ಎಲ್ಲವನ್ನೂ ಕತ್ತರಿಸಿ ಅಚ್ಚು ಒತ್ತಿಬಿಡಿ, ರಾತ್ರಿ ಪೂರ್ತಿ ಒಣಗಲಿ. ಮರುದಿನ ಎಲ್ಲದಕ್ಕೂ ಗರಿ, ಆಮೇಲೆ ಎಲ್ಲದಕ್ಕೂ ಜಲ್ಲೆ. ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ, ಕಾಯುವ ಕೆಲಸವೇ ಇಲ್ಲ.

ಮಾಡಿ ಮಾರಬಹುದಾ?

ನೀವೇ ಕೆತ್ತಿದ ಅಚ್ಚಾದರೆ ಯಾರನ್ನೂ ಕೇಳಬೇಕಿಲ್ಲ. ಕೊಂಡ ಸ್ಟ್ಯಾಂಪಾದರೆ ಆ ಕಂಪನಿಯ ನಿಯಮ ಓದಿ. ಕೈಯಿಂದ ಒತ್ತಿ ಮಾಡಿದ ಕಾರ್ಡುಗಳನ್ನು ಮಾರಲು ಹಲವು ಕಂಪನಿಗಳು ಬಿಡುತ್ತವೆ. ಅದನ್ನೇ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿ ಮಾರಲು ಸಾಮಾನ್ಯವಾಗಿ ಬಿಡುವುದಿಲ್ಲ.

ಒಳಗೆ ಏನು ಬರೆಯಲಿ?

ಹೊರಗೆ 'ಶುಭಾಶಯಗಳು' ಅಂತ ಒತ್ತಿದ್ದರೆ ಒಳಗೆ ಮತ್ತೆ ಅದನ್ನೇ ಬರೆಯಬೇಡಿ. ಆ ಒಬ್ಬರಿಗೇ ಸಂಬಂಧಿಸಿದ ಎರಡು ಸಾಲು ಬರೆಯಿರಿ. ಚಿಕ್ಕಮ್ಮನಿಗಾದರೆ ಅವರ ಹಿತ್ತಿಲಿನ ಅವರೆ ಚಪ್ಪರ ಈ ಸಲ ಹೇಗಿದೆ ಅಂತ ಕೇಳಿ. ಗೆಳತಿಗಾದರೆ ಎಳ್ಳು ಬೀರಲು ಒಟ್ಟಿಗೆ ಹೋಗುತ್ತಿದ್ದ ಮನೆಗಳ ಹೆಸರು ಬರೆಯಿರಿ. ಚಿತ್ರವನ್ನು ಅಂಟಿಸುವ ಮೊದಲೇ ಒಳಗಿನ ಬರಹ ಮುಗಿಸಿ. ಅಕ್ಷರ ತಪ್ಪಿದರೆ ಬುಡದ ಕಾರ್ಡನ್ನು ಮಾತ್ರ ಬದಲಿಸಿದರಾಯಿತು, ಚಿತ್ರ ಉಳಿಯುತ್ತದೆ. ಹಿಂಬದಿಯ ಕೆಳಮೂಲೆಯಲ್ಲಿ ನಿಮ್ಮ ಹೆಸರು, ಇಸವಿ ಪೆನ್ಸಿಲ್‌ನಲ್ಲಿ ಹಾಕಿ.